ಕ್ಯಾಕ್ಟಸ್ ಪಾಲನೆ

ಕ್ಯಾಕ್ಟಸ್ ಪಾಲನೆಯು ಮರುಭೂಮಿ ಮೂಲದ ಕ್ಯಾಕ್ಟಸ್ ಗಿಡಗಳನ್ನು ಮನೆಯ ಕುಂಡಗಳಲ್ಲಿ ಬೆಳೆಸುವ ತೋಟಗಾರಿಕೆಯ ಒಂದು ವಿಧ. ಕ್ಯಾಕ್ಟೇಸಿ ಕುಟುಂಬಕ್ಕೆ ಸೇರಿದ ಈ ಗಿಡಗಳ ತವರು ಅಮೆರಿಕ ಖಂಡಗಳು. ಪಶ್ಚಿಮ ಘಟ್ಟಕ್ಕೆ ಸಮೀಪವಿರುವ ಬೆಳಗಾವಿ ನಗರ ಮತ್ತು ಖಾನಾಪುರದಲ್ಲಿ ಇವುಗಳಿಗೆ ಬೇಸಿಗೆಯ ಬಿಸಿಲಿಗಿಂತ ಮುಂಗಾರು ಮಳೆಯೇ ಹೆಚ್ಚು ಅಪಾಯಕಾರಿ.

ಕ್ಯಾಕ್ಟಸ್ ಮತ್ತು ಕಳ್ಳಿ

ಕನ್ನಡದಲ್ಲಿ ಮುಳ್ಳುಳ್ಳ ರಸಭರಿತ ಗಿಡಗಳನ್ನು ಸಾಮಾನ್ಯವಾಗಿ ಕಳ್ಳಿ ಎನ್ನುತ್ತಾರೆ. ಆದರೆ ಮುಂಡುಗಳ್ಳಿಯಂತಹ ಬೇಲಿಗಿಡಗಳು ಯುಫೋರ್ಬಿಯೇಸಿ ಕುಟುಂಬದವು. ಅವುಗಳನ್ನು ಕತ್ತರಿಸಿದಾಗ ಒಸರುವ ಬಿಳಿ ಹಾಲು ಚರ್ಮಕ್ಕೂ ಕಣ್ಣಿಗೂ ಹಾನಿಕರ. ಕ್ಯಾಕ್ಟಸ್‌ಗಳಲ್ಲಿ ಮುಳ್ಳುಗಳು ಅರಿಯೋಲ್ ಎಂಬ ಸಣ್ಣ ಮೆತ್ತೆಯಂತಹ ಭಾಗದಿಂದ ಹುಟ್ಟುತ್ತವೆ. ಭಾರತದಲ್ಲಿ ವ್ಯಾಪಕವಾಗಿ ಕಾಣುವ ಪಾಪಾಸುಕಳ್ಳಿಯು ಹೊರಗಿನಿಂದ ಬಂದ ನಿಜವಾದ ಕ್ಯಾಕ್ಟಸ್.

ಗಿಡದ ಸ್ವಭಾವ

ಕ್ಯಾಕ್ಟಸ್ ತನ್ನ ಕಾಂಡದಲ್ಲಿ ನೀರನ್ನು ಸಂಗ್ರಹಿಸುತ್ತದೆ. ಅದರ ಪತ್ರರಂಧ್ರಗಳು ಮುಖ್ಯವಾಗಿ ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಹಗಲಿನಲ್ಲಿ ನೀರಿನ ನಷ್ಟ ಕಡಿಮೆ. ಬರವನ್ನು ತಾಳಬಲ್ಲ ಈ ಗಿಡದ ಬೇರುಗಳು ಸದಾ ಒದ್ದೆಯಾದ ಮಣ್ಣಿನಲ್ಲಿ ಗಾಳಿ ಸಿಗದೆ ಶಿಲೀಂಧ್ರಗಳಿಗೆ ತುತ್ತಾಗಿ ಕೊಳೆಯುತ್ತವೆ.

ಸ್ಥಳೀಯ ಹವಾಮಾನ

ಬೆಳಗಾವಿ ನಗರವು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಪಶ್ಚಿಮಕ್ಕೆ ಸಾಗಿದಂತೆ ಮಳೆ ಹೆಚ್ಚುತ್ತದೆ. ಖಾನಾಪುರ ತಾಲ್ಲೂಕಿನಲ್ಲಿ ಮಲಪ್ರಭಾ ನದಿಯ ಉಗಮಸ್ಥಾನವಾದ ಕಣಕುಂಬಿಯು ಅತಿ ಹೆಚ್ಚು ಮಳೆ ಬೀಳುವ ಪ್ರದೇಶ. ಮಳೆಗಾಲದಲ್ಲಿ ಕುಂಡಗಳನ್ನು ಮಳೆ ತಾಗದ, ಬೆಳಕು ಮತ್ತು ಗಾಳಿ ಚೆನ್ನಾಗಿ ಬರುವ ಪಡಸಾಲೆಯಲ್ಲಿ ಅಥವಾ ಪಾರದರ್ಶಕ ಹೊದಿಕೆಯ ಅಡಿಯಲ್ಲಿ ಇಡಬೇಕು. ಮಳೆ ನಿಂತ ಬಳಿಕ ಅವುಗಳನ್ನು ಒಮ್ಮೆಲೇ ಪೂರ್ಣ ಬಿಸಿಲಿಗೆ ಇಟ್ಟರೆ ಕಾಂಡ ಸುಡುವುದರಿಂದ, ಹಂತಹಂತವಾಗಿ ಬಿಸಿಲಿಗೆ ಒಗ್ಗಿಸಬೇಕು.

ಕುಂಡ ಮತ್ತು ಮಣ್ಣು

ಮೆರುಗು ಹಚ್ಚದ ಮಣ್ಣಿನ ಕುಂಡದ ಗೋಡೆಯಿಂದ ತೇವಾಂಶ ಆವಿಯಾಗುವುದರಿಂದ ಅದು ಪ್ಲಾಸ್ಟಿಕ್ ಕುಂಡಕ್ಕಿಂತ ಬೇಗ ಒಣಗುತ್ತದೆ. ಖಾನಾಪುರವು ಕುಂಬಾರಿಕೆ ಮತ್ತು ಹೆಂಚಿನ ತಯಾರಿಕೆಗೆ ಹೆಸರಾಗಿದ್ದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಕುಂಡದ ತಳದಲ್ಲಿ ರಂಧ್ರವಿರುವುದು ಕಡ್ಡಾಯ. ಬೆಳಗಾವಿ ಜಿಲ್ಲೆಯ ಪೂರ್ವಭಾಗದ ಕಪ್ಪು ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಸೂಕ್ತವಲ್ಲ. ಕೆಂಪು ಮಣ್ಣು ಅಥವಾ ಕಳಿತ ಗೊಬ್ಬರ ಒಂದು ಪಾಲು, ದಪ್ಪ ಮರಳು ಹಾಗೂ ಇಟ್ಟಿಗೆ ಅಥವಾ ಹೆಂಚಿನ ಚೂರು ಎರಡು ಪಾಲು ಇರುವ ಮಿಶ್ರಣವನ್ನು ಬಳಸಬಹುದು.

ನೀರು

ಮಣ್ಣು ತಳದವರೆಗೆ ಒಣಗಿದ ಬಳಿಕವೇ ನೀರು ಹಾಕಬೇಕು. ಹಾಕಿದಾಗ ತಳದ ರಂಧ್ರದಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಬೇಸಿಗೆಯಲ್ಲಿ ಚಿಕ್ಕ ಕುಂಡಗಳಿಗೆ ವಾರಕ್ಕೊಮ್ಮೆ ಸಾಕಾಗಬಹುದು. ಮಳೆಗಾಲ ಮತ್ತು ಚಳಿಗಾಲದಲ್ಲಿ ನೀರಿನ ಅಗತ್ಯ ಬಹಳ ಕಡಿಮೆ.

ರೋಗ ಮತ್ತು ಕೀಟ

ಬುಡ ಮೆತ್ತಗಾಗಿ ಕಂದುಬಣ್ಣಕ್ಕೆ ತಿರುಗುವುದು ಕೊಳೆರೋಗದ ಲಕ್ಷಣ. ಆಗ ಸ್ವಚ್ಛವಾದ ಚಾಕುವಿನಿಂದ ಆರೋಗ್ಯಕರ ಮೇಲ್ಭಾಗವನ್ನು ಕತ್ತರಿಸಿ, ಗಾಯ ಪೂರ್ತಿ ಒಣಗಿದ ಮೇಲೆ ಒಣ ಮಿಶ್ರಣದಲ್ಲಿ ನೆಟ್ಟರೆ ಗಿಡ ಉಳಿಯಬಹುದು. ಹತ್ತಿಯಂತೆ ಕಾಣುವ ಹಿಟ್ಟು ತಿಗಣೆಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಲಾಗುತ್ತದೆ.

ಸಂರಕ್ಷಣೆ

ಬಹುತೇಕ ಎಲ್ಲ ಕ್ಯಾಕ್ಟಸ್ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರವು ಸೈಟ್ಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ನರ್ಸರಿಗಳಲ್ಲಿ ಸುಲಭವಾಗಿ ಸಿಗುವ, ಚೆಂಡಿನಾಕಾರದ ಗೋಲ್ಡನ್ ಬ್ಯಾರೆಲ್ ಕ್ಯಾಕ್ಟಸ್ ತನ್ನ ತವರಾದ ಮೆಕ್ಸಿಕೊದ ಕಾಡಿನಲ್ಲಿ ಅಳಿವಿನಂಚಿನಲ್ಲಿದೆ. ಹಾಗಾಗಿ ನರ್ಸರಿಯಲ್ಲಿ ಬೀಜ ಅಥವಾ ಮರಿಗಳಿಂದ ಬೆಳೆಸಿದ ಗಿಡಗಳನ್ನೇ ಕೊಳ್ಳುವುದು ಸೂಕ್ತ.