ಪರಸ್ಥಳದ ವಿದ್ವಾಂಸರಿಗೆ ವಸತಿ: ಶಾಸನಗಳಲ್ಲಿ ಕಂಡಂತೆ

ನಮ್ಮ ಪ್ರಾಚೀನ ವಿದ್ಯಾಸ್ಥಾನಗಳನ್ನು ಕುರಿತು ಬರೆಯುವವರು ಅಲ್ಲಿ ಯಾವ ಯಾವ ಶಾಸ್ತ್ರಗಳ ಪಾಠವು ನಡೆಯುತ್ತಿದ್ದಿತೆಂಬುದನ್ನು ವಿಸ್ತಾರವಾಗಿ ಹೇಳುವುದುಂಟು. ದೂರದೇಶದಿಂದ ಬಂದ ವಿದ್ಯಾರ್ಥಿಯು ಆ ರಾತ್ರಿ ಎಲ್ಲಿ ಮಲಗಿದನು, ಯಾರ ಅನ್ನವನ್ನು ಉಂಡನು, ಯಾವ ದೀಪದ ಬೆಳಕಿನಲ್ಲಿ ಓಲೆಯನ್ನು ಬಿಚ್ಚಿದನು ಎಂಬ ವಿಚಾರವು ಮಾತ್ರ ಅಲ್ಪವೆಂದು ತೋರಿ ಉಳಿದುಬಿಡುತ್ತದೆ. ಶಾಸನಗಳನ್ನು ಬರೆಯಿಸಿದವರಿಗೆ ಅದು ಅಲ್ಪವಾಗಿ ತೋರಿರಲಿಲ್ಲ.

ಈ ಕಡೆಗೆ ನನ್ನ ಮನಸ್ಸು ತಿರುಗಿದುದಕ್ಕೆ ಒಂದು ಸಣ್ಣ ಕಾರಣವುಂಟು. ಕೆಲವು ವರ್ಷಗಳ ಹಿಂದೆ ಒಂದು ವಿದ್ವದ್ಗೋಷ್ಠಿಗೆ ನನಗೆ ಆಹ್ವಾನವು ಬಂದಿದ್ದಿತು. ಪತ್ರಿಕೆಯಲ್ಲಿ ಸಭಾಭವನದ ಹೆಸರು, ಉದ್ಘಾಟನೆಯ ಮುಹೂರ್ತ, ಅಧ್ಯಕ್ಷರ ಬಿರುದಾವಳಿ ಎಲ್ಲವೂ ಮುದ್ರಿತವಾಗಿದ್ದುವು. ನಿಲ್ದಾಣದಿಂದ ಅಲ್ಲಿಗೆ ಹೋಗುವ ದಾರಿ ಯಾವುದು, ಇಳಿದುಕೊಳ್ಳುವುದು ಎಲ್ಲಿ ಎಂಬ ಎರಡು ಸಾಲುಗಳು ಇರಲಿಲ್ಲ. ನಡುರಾತ್ರಿಯಲ್ಲಿ ಬಸ್ಸಿನಿಂದಿಳಿದು, ಗುಡಿಯೊಂದರ ಜಗಲಿಯ ಮೇಲೆ ಬೆಳಗು ಮಾಡಿ, ಮರುದಿನ ತೂಕಡಿಸುತ್ತಲೇ ಲೇಖನವನ್ನು ಓದಿದೆನು. ಆ ಗೋಷ್ಠಿಯ ವಿಷಯವು ಪ್ರಾಚೀನರ ಆತಿಥ್ಯಧರ್ಮವಾಗಿದ್ದಿತೆಂಬುದನ್ನು ಹೇಳದಿರುವುದೇ ಲೇಸು.

ಪರಸ್ಥಳಕ್ಕೆ ಓದಲು ಹೋದವನ ಕಷ್ಟವು ಕನ್ನಡನಾಡಿನ ಚರಿತ್ರೆಯ ಆರಂಭದಲ್ಲಿಯೇ ಕಾಣಬರುತ್ತದೆ. ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನದಲ್ಲಿ, ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಾಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಪ್ರವೇಶಿಸಿದನೆಂದು ಕುಬ್ಜನೆಂಬ ಕವಿಯು ಹೇಳಿರುವನು. ಅಲ್ಲಿ ‘ಅಶ್ವಸಂಸ್ಥ’ನೊಡನೆ ತೀವ್ರವಾದ ಕಲಹವುಂಟಾಯಿತು. ಈ ಶಬ್ದಕ್ಕೆ ರಾವುತನೆಂದು ಅರ್ಥಮಾಡುವವರೇ ಹೆಚ್ಚು. ಯಾಗಸಂಬಂಧವಾದ ಅರ್ಥವನ್ನು ಎತ್ತಿದವರೂ ಇದ್ದಾರೆ. ಕಲಹವಾದುದು ರಾಜನ ಕುದುರೆಯಾಳಿನೊಡನೆಯೇ ಎಂದು ನನ್ನ ಮತ. ಹತ್ತಾರು ದಿನ ನಡೆದು ಬಂದ ಪರದೇಶಿಯಾದ ವಟುವಿಗೆ ಆ ನಗರದಲ್ಲಿ ಪಕ್ಷವಹಿಸುವವರು ಯಾರೂ ಇದ್ದಂತೆ ಕಾಣದು. ಅವನು ಓದನ್ನು ಬಿಟ್ಟು ಕತ್ತಿಯನ್ನು ಹಿಡಿದನು. ಅದರಿಂದ ಕದಂಬರಾಜ್ಯವು ಹುಟ್ಟಿತು. ನಮಗೆ ಲಾಭವಾಯಿತೆನ್ನಬಹುದಾದರೂ ಘಟಿಕೆಯು ಒಬ್ಬ ವಿದ್ಯಾರ್ಥಿಯನ್ನು ಕಳೆದುಕೊಂಡಿತು.

ಈ ವಿಷಯದಲ್ಲಿ ಎಲ್ಲಕ್ಕಿಂತಲೂ ವಿವರವಾದ ಸಾಕ್ಷ್ಯವು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನದಿಂದ ದೊರೆಯುತ್ತದೆ. ಇದರ ಕಾಲವು ಶಕ 867, ಎಂದರೆ ಕ್ರಿ. ಶ. 945. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯೆಂಬ ಅಗ್ರಹಾರದಲ್ಲಿ ತ್ರಯೀಪುರುಷರ ಸನ್ನಿಧಿಯಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಬರುವವರಿದ್ದಾರೆಂದು ತಿಳಿದ ಮೇಲೆ ಮುಂದಿನದನ್ನು ದಾನಿಗಳು ದೈವಕ್ಕೆ ಬಿಡಲಿಲ್ಲ. ಶಾಲೆಗೆ 500 ನಿವರ್ತನ ಭೂಮಿಯಲ್ಲದೆ, ಇರುವುದಕ್ಕೆ 27 ಮನೆಗಳು, ಹೂದೋಟಕ್ಕೆ 4 ನಿವರ್ತನ, ದೀಪಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಮತ್ತು ಒಂದು ಮನೆ ಎಂದು ಬೇರೆ ಬೇರೆಯಾಗಿ ವಿಂಗಡಿಸಲಾಯಿತು. ನಿವರ್ತನದ ಅಳತೆಯು ದೇಶದೇಶಕ್ಕೆ ಬೇರೆಯಾದುದರಿಂದ ಅದನ್ನು ಎಕರೆಗಳಿಗೆ ತಿರುಗಿಸುವ ಗೋಜಿಗೆ ನಾನು ಹೋಗುವುದಿಲ್ಲ. ಒಂದರೊಡನೊಂದನ್ನು ಹೋಲಿಸಿದರೆ ಸಾಕು. ಗುರುವಿನ ಜೀವನಕ್ಕೆ ಬಿಟ್ಟ ಭೂಮಿಯ ಹೆಚ್ಚುಕಡಮೆ ಕಾಲು ಭಾಗದಷ್ಟು ಭೂಮಿಯು ಬರಿಯ ದೀಪಕ್ಕೆ ಮೀಸಲಾಗಿದೆ. ರಾತ್ರಿಯಲ್ಲಿ ಓದಿ ಬಲ್ಲವರೇ ಈ ಲೆಕ್ಕವನ್ನು ಹಾಕಿರಬೇಕು. ಪಾಠಶಾಲೆಯಲ್ಲಿ ಓದುತ್ತಿದ್ದಾಗ ಎಣ್ಣೆ ತೀರಿ ಅರ್ಧ ಪ್ರಕ್ರಿಯೆಗೆ ಕೌಮುದಿಯನ್ನು ಮುಚ್ಚಿಟ್ಟ ರಾತ್ರಿಗಳು ನನಗೆ ನೆನಪಿವೆ.

ಊಟದ ಮಾತು ಇನ್ನೂ ಸ್ವಾರಸ್ಯವಾದುದು. ಭೂಮಿಯ ಹುಟ್ಟುವಳಿಯನ್ನೇ ನಂಬದೆ, ಊರಿನವರು ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಕೊಡಬೇಕೆಂದೂ, ಬ್ರಾಹ್ಮಣಸಂತರ್ಪಣೆಯಾದಾಗ ಶಾಲೆಯ ಪರಿಷತ್ತಿಗೆ ಯಥಾಶಕ್ತಿ ಭೋಜನವನ್ನು ಮಾಡಿಸಬೇಕೆಂದೂ ಕಟ್ಟಳೆಯಾಯಿತು. ಇದರಿಂದ ಪರದೇಶಿಯಾದ ವಿದ್ಯಾರ್ಥಿಯು ರಾಜನೊಬ್ಬನ ಅತಿಥಿಯಾಗದೆ ಊರಿಗೆ ಊರೇ ಸಾಕುವ ಮಗನಾದನು. ಮಂತ್ರಿಯ ಅಧಿಕಾರವು ಹೋದರೂ ಮದುವೆ ಮುಂಜಿಗಳು ನಿಲ್ಲುವುದಿಲ್ಲವಷ್ಟೆ.

ನಾಗಾವಿಯ ಕ್ರಿ. ಶ. 1058ರ ಶಾಸನವು ಪ್ರಸಿದ್ಧವಾದುದರಿಂದ ಅದನ್ನಿಲ್ಲಿ ಬೆಳೆಸಬೇಕಾಗಿಲ್ಲ. ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನ ಘಟಿಕಾಶಾಲೆಯಲ್ಲಿ ವೇದಾಧ್ಯಾಯಿಗಳೇ 200 ಮಂದಿ. ಪುಸ್ತಕಗಳನ್ನು ಕಾಯುವುದಕ್ಕೆ ಸರಸ್ವತೀ ಭಂಡಾರಿಗರು 6 ಮಂದಿ. ಇಲ್ಲಿಯೂ ಇಷ್ಟು ಜನಕ್ಕೆಂದು ಎಣಿಸಿಯೇ ವ್ಯವಸ್ಥೆಯನ್ನು ಮಾಡಿದೆ.

ಇನ್ನು ಬಳ್ಳಿಗಾವೆ. ಇದು ಮಯೂರಶರ್ಮನ ತಾಳಗುಂದಕ್ಕೆ ಸಮೀಪದ ಊರು. ಇಲ್ಲಿಯ ಕೋಡಿಯ ಮಠವನ್ನು ವರ್ಣಿಸುವ ಕ್ರಿ. ಶ. 1162ರ ಶಾಸನದಿಂದ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ಹೆಸರುಗಳನ್ನು ಎತ್ತಿಕೊಂಡು ಅದನ್ನು ವಿಶ್ವವಿದ್ಯಾಲಯವೆಂದು ಕರೆಯುವುದು ವಾಡಿಕೆಯಾಗಿದೆ. ಆದರೆ ಅದೇ ಶಾಸನವು ಮುಂದುವರಿದು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥಕರು, ಗಾಯಕರು, ವಾದಕರು, ನರ್ತಕರು, ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ನಾನಾದೇಶಗಳಿಂದ ಬಂದ ಭಿಕ್ಷುಗಳು, ಇವರೆಲ್ಲರಿಗೂ ಅಲ್ಲಿ ಅನ್ನವುಂಟೆಂದೂ, ಅನಾಥರಾದ ರೋಗಿಗಳಿಗೆ ಚಿಕಿತ್ಸೆಯುಂಟೆಂದೂ, ಅದು ಸಕಲಭೂತಗಳಿಗೂ ಅಭಯಸ್ಥಾನವೆಂದೂ ಹೇಳುತ್ತದೆ. ಈ ಎರಡನೆಯ ಪಟ್ಟಿಯು ಮೊದಲನೆಯದರ ಬಾಲವಲ್ಲ. ಶೈವಮಠದಲ್ಲಿ ಬೌದ್ಧದರ್ಶನದ ವ್ಯಾಖ್ಯಾನವೂ ನಡೆಯುತ್ತಿದ್ದಿತೆಂಬುದಕ್ಕೆ ನಾವು ಬೆರಗಾಗುವೆವು. ಅದೇ ಮಠದಲ್ಲಿ ಕ್ಷಪಣಕನೂ ತ್ರಿದಂಡಿಯೂ ಊಟ ಮಾಡಿದರೆಂಬುದನ್ನು ನೋಡಿದರೆ ಆ ಬೆರಗು ಅರ್ಧ ಇಳಿಯುತ್ತದೆ. ಉಂಡು ಜಗಲಿಯಲ್ಲಿ ಕುಳಿತವರ ನಡುವೆ ವಾದವು ಹುಟ್ಟದಿರುವುದುಂಟೇ?

ಮಠವು ಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. ಪಾವಿಟ್ಟಗೆಯು ಮುಂದೆ ಸಾಲೋಟಗಿಯಾದುದೂ ಅಲ್ಲಿಯ ಶಾಲೆಯ ಹೆಸರು ಊರಿಗೆ ಅಂಟಿದುದರಿಂದಲೇ ಎಂದು ತೋರುತ್ತದೆ. ಕತ್ತಲಾದ ಮೇಲೆ ಬಂದ ದಾರಿಗನು ಒಂದೂರಿನಲ್ಲಿ ಕೋಡಿಯೆಲ್ಲಿಯೆಂದೂ ಇನ್ನೊಂದರಲ್ಲಿ ಶಾಲೆಯೆಲ್ಲಿಯೆಂದೂ ಕೇಳಿದರೆ ಸಾಕಾಗಿದ್ದಿರಬೇಕು.