ಸುರುಳಿ ಜಾರದಂತೆ

1911ರಲ್ಲಿ ಲೈಡನ್ನಿನ ಪ್ರಯೋಗಾಲಯದಲ್ಲಿ ಕಾಮರ್‌ಲಿಂಗ್ ಓನ್ನೆಸ್ ತಂಡ ದ್ರವ ಹೀಲಿಯಂನಲ್ಲಿ ಪಾದರಸವನ್ನು ತಣಿಸಿತು. 4.2 ಕೆಲ್ವಿನ್ ಹತ್ತಿರ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಇದೇ ಅತಿವಾಹಕತೆ. ಎರಡು ವರ್ಷದೊಳಗೇ ಓನ್ನೆಸ್ ಮನಸ್ಸು ಕಾಂತದ ಕಡೆ ಹರಿಯಿತು: ರೋಧವಿಲ್ಲದ ತಂತಿ ಸುತ್ತಿದರೆ 1,00,000 ಗಾಸ್ ಕ್ಷೇತ್ರ ಸಿಗಬೇಕಲ್ಲ? ಸಿಗಲಿಲ್ಲ. ಸೀಸದ ಸುರುಳಿ ಕೆಲವು ನೂರು ಗಾಸ್‌ಗೇ ಅತಿವಾಹಕತೆ ಕಳೆದುಕೊಂಡಿತು.

ಆ ಆಸೆ ಅರ್ಧ ಶತಮಾನ ಕಾದಿತು. 1961ರಲ್ಲಿ ಬೆಲ್ ಪ್ರಯೋಗಾಲಯದ ಕುಂಜ್ಲರ್ ಮತ್ತು ಸಂಗಡಿಗರು ನಯೋಬಿಯಂ-ತವರದ ಸಂಯುಕ್ತ 88,000 ಗಾಸ್‌ನಲ್ಲೂ ಅತಿವಾಹಕವಾಗಿ ಉಳಿಯುವುದನ್ನು ತೋರಿಸಿದರು. ಆದರೆ ಅದು ಪೆಡಸು, ಬಾಗಿಸಿದರೆ ಬಿರುಕು. ಬಾಗಲು ಒಪ್ಪುವ ನಯೋಬಿಯಂ-ಟೈಟಾನಿಯಂ ಕೆಲಸಕ್ಕೆ ಬಂತು. ಅದರ ಕೂದಲಿಗಿಂತ ತೆಳು ಎಳೆಗಳನ್ನು ತಾಮ್ರದೊಳಗೆ ಹುದುಗಿಸಿ, ಹುರಿಗೊಳಿಸಿ, ಚಪ್ಪಟೆ ಕೇಬಲ್ ಮಾಡುವ ಬಗೆಯನ್ನು ಇಂಗ್ಲೆಂಡಿನ ರುದರ್‌ಫರ್ಡ್ ಪ್ರಯೋಗಾಲಯ ರೂಪಿಸಿತು.

ಇಲ್ಲಿಂದ ಮುಂದಿನದು, ನನ್ನ ಪ್ರಕಾರ, ಸೂತ್ರಗಳಿಗಿಂತ ಹೆಚ್ಚಾಗಿ ಕೈಕೆಲಸದ ಕಥೆ. ಅಷ್ಟು ತಣ್ಣಗಿರುವ ಲೋಹ ಶಾಖ ತಾಳದು. ಕಾಂತಬಲದ ಒತ್ತಡಕ್ಕೆ ತಂತಿ ಕೆಲವು ಮೈಕ್ರಾನ್ ಜಾರಿದರೂ ಸಾಕು. ತಿಕ್ಕಾಟದ ಬಿಸಿಗೆ ಅಷ್ಟು ಜಾಗ ಮಾಮೂಲಿ ಲೋಹವಾಗುತ್ತದೆ, ಬಿಸಿ ಹಬ್ಬುತ್ತದೆ, ಹೀಲಿಯಂ ಕುದಿದೇಳುತ್ತದೆ. ಇದೇ ಕ್ವೆಂಚ್. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ 1970ರ ದಶಕದಲ್ಲಿ ಆಲ್ವಿನ್ ಟಾಲೆಸ್ಟ್ರಪ್ ಮತ್ತು ಜೊತೆಗಾರರು ಕಣ ವೇಗವರ್ಧಕಕ್ಕೆ ಬೇಕಾದ ಕಾಂತದ ಮಾದರಿಗಳನ್ನು ಒಂದಾದ ಮೇಲೊಂದು ಕಟ್ಟಿ ಪರೀಕ್ಷಿಸಿದರು. ಉತ್ತರ ಸಿಕ್ಕಿದ್ದು ಸ್ಟೀಲ್ ಪಟ್ಟಿಗಳಲ್ಲಿ: ಸುರುಳಿಯನ್ನು ಮೊದಲೇ ಬಿಗಿದಿಟ್ಟರೆ ಜಾರಲು ಎಡೆಯೇ ಇಲ್ಲ. 774 ದ್ವಿಧ್ರುವ ಕಾಂತಗಳ ಆ ವೇಗವರ್ಧಕ, ಟೆವಾಟ್ರಾನ್, 1983ರಲ್ಲಿ ಓಡತೊಡಗಿತು.

ಜಿನೀವಾದ ಸರ್ನ್ ಪ್ರಯೋಗಾಲಯ ತನ್ನ ವೇಗವರ್ಧಕಕ್ಕಾಗಿ ಅದೇ ನಯೋಬಿಯಂ-ಟೈಟಾನಿಯಂನಿಂದ ಇನ್ನೂ ಹೆಚ್ಚು ಕೇಳಿತು: 27 ಕಿಲೋಮೀಟರ್ ಸುರಂಗದಲ್ಲಿ 1,232 ದ್ವಿಧ್ರುವಗಳು, 8.33 ಟೆಸ್ಲಾ (83,300 ಗಾಸ್) ಕ್ಷೇತ್ರ. ಅದಕ್ಕಾಗಿ 1.9 ಕೆಲ್ವಿನ್‌ಗೆ ಇಳಿಯಬೇಕಾಯಿತು. 2.17ರ ಕೆಳಗೆ ಹೀಲಿಯಂ ಅತಿದ್ರವ. ಸಂದುಗೊಂದಿಗೆಲ್ಲ ನುಸುಳಿ ಶಾಖವನ್ನು ಅದ್ಭುತ ವೇಗದಲ್ಲಿ ಸಾಗಿಸುತ್ತದೆ. 15 ಮೀಟರ್ ಉದ್ದದ ಈ ಕಾಂತಗಳನ್ನು ಹೊತ್ತು ನಿಂತ ಜ್ಯಾಕ್‌ಗಳು ಭಾರತದವು. ವಿನ್ಯಾಸದಲ್ಲಿ ಇಂದೋರಿನ ಸಂಶೋಧನಾ ಕೇಂದ್ರದ ಪಾಲಿತ್ತು, ತಯಾರಿಕೆಯಲ್ಲಿ ಬೆಂಗಳೂರಿನದೂ ಇತ್ತು. ಮೂವತ್ತು ಟನ್ನಿಗೂ ಮೀರಿದ ಭಾರವನ್ನು ಕೂದಲೆಳೆಯಷ್ಟು ಸರಿಸಬಲ್ಲ ಆ ಸಲಕರಣೆ ನಮ್ಮಲ್ಲಿ ಸಾಕಷ್ಟು ಸುದ್ದಿಯಾಗಲಿಲ್ಲ ಎಂಬ ಬೇಸರ ನನಗಿದೆ.

2008ರ ಸೆಪ್ಟೆಂಬರ್ 19ರಂದು ಸರ್ನ್‌ನ ಈ ಯಂತ್ರದಲ್ಲಿ ಮೊದಲು ಕೆಟ್ಟದ್ದು ಕಾಂತವಲ್ಲ, ಎರಡು ಕಾಂತಗಳ ನಡುವಿನ ಒಂದು ವಿದ್ಯುತ್ ಬೆಸುಗೆ. ಟನ್ನುಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು, ಹತ್ತಾರು ಕಾಂತಗಳು ಹಾಳಾದವು, ಯಂತ್ರ ವರ್ಷಕ್ಕೂ ಮೇಲ್ಪಟ್ಟು ನಿಂತಿತು. 2013ರಿಂದ ಹತ್ತು ಸಾವಿರಕ್ಕೂ ಹೆಚ್ಚು ಬೆಸುಗೆಗಳನ್ನು ಬಲಪಡಿಸಿದರು.

ಇನ್ನೂ ಬಲವಾದ ಕ್ಷೇತ್ರಕ್ಕಾಗಿ ಈಗ ಅದೇ ಸುರಂಗಕ್ಕೆ 1961ರ ಆ ಪೆಡಸು ನಯೋಬಿಯಂ-ತವರ ಬರುತ್ತಿದೆ. ಹಸಿ ಮಡಕೆಗೆ ರೂಪ ಕೊಟ್ಟು ಆಮೇಲೆ ಸುಡುವಂತೆ, ಮೊದಲು ಸುತ್ತಿ, ನಂತರ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ದಿನಗಟ್ಟಲೆ ಬೇಯಿಸುತ್ತಾರೆ. ಆಗಲೇ ಅದು ಅತಿವಾಹಕ ಸಂಯುಕ್ತವಾಗುವುದು. ಬೆಂದ ಮೇಲೆ ಬಾಗಿಸುವಂತಿಲ್ಲ. ಸುರುಳಿಗೆ ರಾಳ ತುಂಬಿ, ಜೋಪಾನವಾಗಿ ಎತ್ತಿ ಒಯ್ಯುತ್ತಾರೆ.