ಹಿಮದ ಹಿತ್ತಿಲಿನಲ್ಲಿ ಕೆಂಡದ ಒಲೆ

ಅಮೆರಿಕದ ಮಿಚಿಗನ್ ಸರೋವರದ ಸುತ್ತಲಿನ ಊರುಗಳಲ್ಲಿ ಚಳಿಗಾಲದ ಸಂಜೆ ಒಂದು ವಿಚಿತ್ರ ನೋಟ ಕಾಣಸಿಗುತ್ತದೆ. ಹಿತ್ತಿಲ ತುಂಬ ಹಿಮ ಬಿದ್ದಿರುತ್ತದೆ. ಮನೆಯ ಯಜಮಾನ ದಪ್ಪ ಕೋಟು, ಕೈಗವಸು ಧರಿಸಿ, ಸಲಿಕೆಯಿಂದ ಹಿಮ ಸರಿಸಿ ದಾರಿ ಮಾಡಿಕೊಂಡು, ಮೂರು ಕಾಲಿನ ಕರಿಯ ಗುಂಡು ಒಲೆಯ ಮುಂದೆ ನಿಂತು ಮಾಂಸ ಸುಡುತ್ತಿರುತ್ತಾನೆ. ಮನೆಯೊಳಗೆ ಸಕಲ ಸೌಕರ್ಯಗಳ ಅಡುಗೆಮನೆ ಇದೆ. ಆದರೂ ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಹೊರಗೆ ನಿಂತು ಬೇಯಿಸುವ ಈ ಹವ್ಯಾಸ ಎಲ್ಲಿಂದ ಬಂತು?

ಕೆಂಡದ ಮೇಲೆ ಆಹಾರ ಸುಡುವುದು ಮಾನವನ ಅತಿ ಹಳೆಯ ಅಡುಗೆ. ‘ಬಾರ್ಬೆಕ್ಯೂ’ ಎಂಬ ಮಾತು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಿಂದ ಸ್ಪ್ಯಾನಿಷ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದದ್ದು. ಬೆಂಕಿಯ ಮೇಲೆ ಕಟ್ಟುತ್ತಿದ್ದ ಕಡ್ಡಿಗಳ ಅಟ್ಟಣೆಗೆ ಆ ಹೆಸರಿತ್ತು. ಆದರೆ ನಾವು ನೋಡುತ್ತಿರುವ ಹಿತ್ತಿಲ ಒಲೆಗೆ ನೂರು ವರ್ಷಗಳ ಚರಿತ್ರೆಯೂ ಇಲ್ಲ. ಅದರ ಬೇರು ಇರುವುದು ಕಾರ್ಖಾನೆಗಳಲ್ಲಿ, ಅದರಲ್ಲೂ ಮೋಟಾರು ಕಾರಿನ ಕಾರ್ಖಾನೆಯಲ್ಲಿ.

ಹೆನ್ರಿ ಫೋರ್ಡನ ‘ಮಾಡೆಲ್ ಟಿ’ ಕಾರಿನಲ್ಲಿ ಕಬ್ಬಿಣದಷ್ಟೇ ಮುಖ್ಯವಾಗಿ ಮರವೂ ಇತ್ತು. ಚಕ್ರದ ಅರೆಕಾಲುಗಳು, ಮೇಲ್ಕಟ್ಟಿನ ಚೌಕಟ್ಟು ಎಲ್ಲಕ್ಕೂ ಮರ ಬೇಕು. ಇದಕ್ಕಾಗಿ ಫೋರ್ಡ್ ತನ್ನ ಬಂಧು ಎಡ್ವರ್ಡ್ ಕಿಂಗ್ಸ್‌ಫರ್ಡ್‌ನ ನೆರವಿನಿಂದ ಮಿಚಿಗನ್ ರಾಜ್ಯದ ಉತ್ತರ ಭಾಗದಲ್ಲಿ ವಿಶಾಲವಾದ ಕಾಡನ್ನು ಕೊಂಡು, ಐರನ್ ಮೌಂಟನ್ ಎಂಬಲ್ಲಿ ಮರದ ಕಾರ್ಖಾನೆ ಸ್ಥಾಪಿಸಿದ. ಗರಗಸದ ಹೊಟ್ಟು, ತುಂಡು, ಚಕ್ಕೆಗಳು ಬೆಟ್ಟದಂತೆ ಬೆಳೆದವು. ಏನನ್ನೂ ಎಸೆಯಲು ಒಪ್ಪದ ಮನುಷ್ಯ ಅವನು. 1920ರ ದಶಕದಲ್ಲಿ ಆ ಕಸವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಮದ್ಯಸಾರದಂಥ ರಾಸಾಯನಿಕಗಳನ್ನು ತೆಗೆಯಲಾಯಿತು. ಉಳಿದ ಇದ್ದಿಲನ್ನು ಪುಡಿಮಾಡಿ, ಗಂಜಿಯ ಅಂಟು ಬೆರೆಸಿ, ದಿಂಬಿನಾಕಾರದ ಸಣ್ಣ ಬಿಲ್ಲೆಗಳಾಗಿ ಒತ್ತಲಾಯಿತು. ಬಿಲ್ಲೆಯ ಕಲ್ಪನೆ ಅವನದೇ ಅಲ್ಲ. ಪೆನ್ಸಿಲ್ವೇನಿಯದ ಎಲ್ಸ್‌ವರ್ತ್ ಜ್ವೋಯರ್ 1897ರಲ್ಲೇ ಇಂಥದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಕಾರು ಮಾರುವ ಅಂಗಡಿಯಲ್ಲೇ ಇದ್ದಿಲನ್ನೂ ಮಾರುವ ಜಾಣತನ ಫೋರ್ಡನದು. 1951ರಲ್ಲಿ ಆ ಉದ್ಯಮ ಬೇರೆಯವರ ಕೈಸೇರಿ ಕಿಂಗ್ಸ್‌ಫರ್ಡ್ ಎಂಬ ಹೆಸರು ಪಡೆಯಿತು.

ಇದ್ದಿಲೇನೋ ಸಿದ್ಧವಾಗಿತ್ತು, ಉರಿಸಲು ಹಿತ್ತಿಲು ಬೇಕಲ್ಲ! ಎರಡನೆಯ ಮಹಾಯುದ್ಧದ ಬಳಿಕ ಅದೂ ದೊರೆಯಿತು. ಮರಳಿದ ಸೈನಿಕರಿಗೆ 1944ರ ಕಾನೂನಿನ ಪ್ರಕಾರ ಸರ್ಕಾರದ ಖಾತರಿಯ ಗೃಹಸಾಲ ಸಿಕ್ಕಿತು. ನಗರಗಳ ಹೊರಗೆ ಸಾಲುಸಾಲಾಗಿ ಮನೆಗಳು ಎದ್ದವು, ಪ್ರತಿ ಮನೆಗೂ ಒಂದಿಷ್ಟು ಹುಲ್ಲುಹಾಸು.

ಆಗಿನ ಹಿತ್ತಿಲ ಒಲೆ ಎಂದರೆ ನಮ್ಮ ಅಗ್ಗಿಷ್ಟಿಕೆಯ ಅಣ್ಣ: ಬಾಯ್ದೆರೆದ ಚಪ್ಪಟೆ ಬಾಣಲೆ, ಮೇಲೊಂದು ಕಂಬಿಯ ಜಾಲರಿ. ಗಾಳಿ ಬೀಸಿದರೆ ಬೂದಿ ಊಟದ ಮೇಲೆ. ಮಳೆ ಬಂದರೆ ಒಲೆಯೇ ನಂದಿಹೋಗುತ್ತಿತ್ತು. ಷಿಕಾಗೊದ ವೆಬರ್ ಸಹೋದರರ ಲೋಹದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಜಾರ್ಜ್ ಸ್ಟೀಫನ್‌ಗೆ ಇದು ತಲೆನೋವಾಗಿತ್ತು. ಸರೋವರದಲ್ಲಿ ಹಡಗುಗಳಿಗೆ ದಾರಿ ತೋರಲು ತೇಲಿಬಿಡುವ ಲೋಹದ ಗುಂಡುಗಳು ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. 1952ರಲ್ಲಿ ಸ್ಟೀಫನ್ ಅಂಥ ಗುಂಡಿನ ಎರಡು ಹೋಳುಗಳನ್ನು ತೆಗೆದುಕೊಂಡು, ಕೆಳಗಿನದಕ್ಕೆ ಮೂರು ಕಾಲು, ಮೇಲಿನದಕ್ಕೆ ಒಂದು ಹಿಡಿ ಹಚ್ಚಿದ. ಮುಚ್ಚಿದ ಕೂಡಲೆ ಬೆಂಕಿ ಆರಿತಂತೆ. ತೂತು ಕೊರೆದ ಮೇಲೆ ಸರಿಹೋಯಿತಂತೆ. ಕಂಪನಿಯವರು ಹೇಳುವ ಕತೆ ಇದು, ಸ್ವಲ್ಪ ಒಪ್ಪ ಹಾಕಿದ್ದಿರಬಹುದು. ವಿಜ್ಞಾನವಂತೂ ಸರಿಯಾಗಿದೆ. ಕೆಳಗಿನ ತೂತಿನಿಂದ ತಂಪುಗಾಳಿ ಒಳಬಂದು ಮೇಲಿನ ತೂತಿನಿಂದ ಬಿಸಿಗಾಳಿ ಹೊರಹೋಗುತ್ತದೆ. ತೂತು ಕಿರಿದು ಮಾಡಿದರೆ ಉರಿ ತಗ್ಗುತ್ತದೆ. ಕೊಬ್ಬು ತೊಟ್ಟಿಕ್ಕಿದಾಗ ಭಗ್ಗನೆ ಏಳುವ ಜ್ವಾಲೆಗೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ.

ಸ್ಟೀಫನ್ ಹೋರಾಡಿದ್ದು ಗಾಳಿ, ಮಳೆ, ಹೊಗೆಗಳ ವಿರುದ್ಧ. ಆದರೆ ಅವನ ಮುಚ್ಚಳ ಬಿಸಿಯನ್ನು ಒಳಗೇ ಹಿಡಿದಿಟ್ಟುದರಿಂದ, ಬೇಸಿಗೆಯ ಆಟವಾಗಿದ್ದುದು ಚಳಿಗಾಲಕ್ಕೂ ಹಬ್ಬಿತು. ಚಳಿಯಲ್ಲಿ ಇದ್ದಿಲು ಹೆಚ್ಚು ಬೇಕು, ಹೊತ್ತೂ ಹೆಚ್ಚು. ‘ಬೆಂದಿತೇ’ ಎಂದು ಪದೇ ಪದೇ ಮುಚ್ಚಳ ತೆಗೆಯುವಂತಿಲ್ಲ. ಮುಂದೆ ಬಂದ ಅನಿಲದ ಒಲೆಗಳಿಗೆ ಚಳಿ ಮತ್ತೊಂದು ಪರೀಕ್ಷೆ ಒಡ್ಡಿತು. ಬ್ಯೂಟೇನ್ ದ್ರವ ಅನಿಲವಾಗುವುದು ಸುಮಾರು ಶೂನ್ಯ ಡಿಗ್ರಿಯಲ್ಲಿ, ಪ್ರೊಪೇನ್ ಆದರೋ ಶೂನ್ಯಕ್ಕಿಂತ 42 ಡಿಗ್ರಿ ಕೆಳಗೆ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಎರಡರ ಮಿಶ್ರಣವಿದ್ದರೆ, ಅವರ ಹಿತ್ತಿಲ ಸಿಲಿಂಡರಿನಲ್ಲಿ ಬಹುಪಾಲು ಪ್ರೊಪೇನೇ ಇರುವುದಕ್ಕೆ ಇದೂ ಒಂದು ಕಾರಣ.

ಈ ಚರಿತ್ರೆಯಲ್ಲಿ ದುರಂತದ ಪುಟಗಳೂ ಇವೆ. ಚಳಿ ತಾಳದೆ ಒಲೆಯನ್ನು ಮನೆಯೊಳಗೋ ಕಾರಿನ ಷೆಡ್ಡಿಗೋ ತಂದವರಿದ್ದಾರೆ. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ಬೂದಿ ಮುಚ್ಚಿದ ಕೆಂಡದಿಂದಲೂ ಅದು ಹೊರಬರುತ್ತಲೇ ಇರುತ್ತದೆ. ಉತ್ತರ ಭಾರತದಲ್ಲಿ ಕದ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಗ್ಗೆ ಏಳದ ಸುದ್ದಿಯನ್ನು ಚಳಿಗಾಲದ ಪತ್ರಿಕೆಗಳಲ್ಲಿ ನೀವು ಓದಿರಬಹುದು.

ಅಮೆರಿಕದಲ್ಲಿ ಇದ್ದಿಲಿನ ಚೀಲದ ಮೇಲೆ ಅಕ್ಷರಗಳ ಎಚ್ಚರಿಕೆ ಮೊದಲಿನಿಂದ ಇತ್ತು. ಇಂಗ್ಲಿಷ್ ಬಾರದವರಿಗೆ ಅದರಿಂದೇನು ಪ್ರಯೋಜನ? 1996ರಲ್ಲಿ ನಿಯಮ ತಿದ್ದಿ ಚಿತ್ರವನ್ನೂ ಮುದ್ರಿಸಬೇಕೆಂದು ವಿಧಿಸಲಾಯಿತು. ಅದೂ ಸಾಲಲಿಲ್ಲ. 2006ರ ಡಿಸೆಂಬರಿನಲ್ಲಿ ಬಿರುಗಾಳಿಗೆ ಸಿಯಾಟಲ್ ಪ್ರದೇಶದಲ್ಲಿ ದಿನಗಟ್ಟಲೆ ವಿದ್ಯುತ್ ಹೋದಾಗ, ಬೇರೆ ದೇಶಗಳಿಂದ ಬಂದು ನೆಲೆಸಿದ್ದ ಹಲವು ಕುಟುಂಬಗಳು ಇದ್ದಿಲ ಒಲೆಯನ್ನು ಒಳಗೆ ಹಚ್ಚಿದವು. ಸಾವುಗಳಾದವು, ಆಸ್ಪತ್ರೆಗಳು ತುಂಬಿದವು. ‘ಸಿಯಾಟಲ್ ಟೈಮ್ಸ್’ ಪತ್ರಿಕೆ ತನ್ನ ಮುಖಪುಟದಲ್ಲಿ ಇಂಗ್ಲಿಷಿನ ಜೊತೆಗೆ ಆ ವಲಸಿಗರ ಭಾಷೆಗಳಲ್ಲೂ ಎಚ್ಚರಿಕೆ ಅಚ್ಚು ಹಾಕಿತು. ಹದಿನೈದನೆಯ ವರ್ಷ, 2021ರ ಫೆಬ್ರುವರಿಯಲ್ಲಿ, ಚಳಿಯನ್ನೇ ಅಷ್ಟಾಗಿ ಕಾಣದ ಟೆಕ್ಸಸ್‌ನಲ್ಲಿ ಹಿಮ ಬಿದ್ದು ವಿದ್ಯುತ್ ನಿಂತಾಗ, ಅದೇ ಒಲೆಗಳು ಮತ್ತೆ ಮನೆಯೊಳಗೆ ಬಂದವು.